ಬಸ್ ಮುಷ್ಕರದ ಸುದ್ದಿ ಬಂದಾಗ ಏನು ಮಾಡಬೇಕು: ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯ ಪ್ರಯಾಣಿಕರಿಗೆ ಸಮಗ್ರ ಮಾರ್ಗದರ್ಶಿ

ನಮ್ಮೂರಿಗೆ ರಾತ್ರಿ ಎಂಟೂವರೆಗೆ ಬರುವ ವಸ್ತಿ ಬಸ್ಸು ಹನುಮಪ್ಪನ ಗುಡಿಯ ಮುಂದೆ ನಿಲ್ಲುತ್ತದೆ. ಚಾಲಕರು ಮತ್ತು ನಿರ್ವಾಹಕರು ಗುಡಿಯ ಪಡಸಾಲೆಯಲ್ಲಿ ಹಾಸಿಗೆ ಬಿಚ್ಚಿ ಮಲಗುತ್ತಾರೆ, ನಸುಕಿನ ಐದೂವರೆಗೆ ಅದೇ ಬಸ್ಸು ಯರಗಟ್ಟಿಯ ಮೇಲೆ ಬೆಳಗಾವಿಗೆ ಹೊರಡುತ್ತದೆ. 2021ರ ಏಪ್ರಿಲ್ 6ರ ರಾತ್ರಿ ಆ ಬಸ್ಸು ಬರಲಿಲ್ಲ. ದಾರಿಯಲ್ಲಿ ಎಲ್ಲೋ ಕೆಟ್ಟು ನಿಂತಿರಬೇಕೆಂದು ಊರು ಮಲಗಿತು. ಮರುದಿನ ನಸುಕಿನಲ್ಲಿ ಗುಡಿಯ ಮುಂದೆ ಚೀಲ ಹಿಡಿದು ನಿಂತಿದ್ದ ಹದಿನೈದಿಪ್ಪತ್ತು ಜನರಲ್ಲಿ ನಾನೂ ಇದ್ದೆ, ಕಣ್ಣಿನ ತಪಾಸಣೆಗೆ ಹೊರಟಿದ್ದ ನಮ್ಮ ಅವ್ವನೂ ಇದ್ದಳು. ಆ ಮುಷ್ಕರ 15 ದಿನ ನಡೆಯಿತು, ಅದು ಮುಗಿದ ವಾರದಲ್ಲೇ ಕೊರೊನಾ ಲಾಕ್‌ಡೌನ್ ಬಂತು, ಅವ್ವನ ತಪಾಸಣೆ ಮಳೆಗಾಲದವರೆಗೆ ಮುಂದಕ್ಕೆ ಹೋಯಿತು. ಮುಷ್ಕರದ ಸುದ್ದಿ ಅದಕ್ಕೂ ಎಷ್ಟೋ ದಿನಗಳಿಂದ ಪತ್ರಿಕೆಯಲ್ಲಿ ಬರುತ್ತಲೇ ಇತ್ತು. ನಾವು ಅದನ್ನು ಬೆಂಗಳೂರಿನ ಸುದ್ದಿಯೆಂದು ಓದಿದ್ದೆವು.

ಸ್ವಂತ ವಾಹನವಿಲ್ಲದೆ ಸರ್ಕಾರಿ ಬಸ್ಸನ್ನೇ ನಂಬಿ ಬದುಕುವವರಿಗಾಗಿ ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಸಾರಿಗೆ ಮುಷ್ಕರವು ಮಳೆಯಂತೆ ಹೇಳದೆ ಕೇಳದೆ ಬರುವುದಿಲ್ಲ. ಅದಕ್ಕೆ ನೋಟಿಸ್ ಇರುತ್ತದೆ, ಮಾತುಕತೆ ಇರುತ್ತದೆ, ದಿನಾಂಕ ಇರುತ್ತದೆ. ಆ ದಿನಗಳನ್ನು ಬಳಸಿಕೊಂಡವರಿಗೆ ಮುಷ್ಕರ ತೊಂದರೆಯಾಗಿಯೇ ಉಳಿಯುತ್ತದೆ, ಬಳಸಿಕೊಳ್ಳದವರಿಗೆ ಮಾತ್ರ ಆಪತ್ತಾಗುತ್ತದೆ.

1. ನಿಮ್ಮ ಬಸ್ಸು ಯಾವ ಸಂಸ್ಥೆಯದು ಎಂಬುದನ್ನು ತಿಳಿದುಕೊಳ್ಳಿ

ಎಲ್ಲ ಸರ್ಕಾರಿ ಬಸ್ಸನ್ನೂ ನಾವು ಒಂದೇ ಹೆಸರಿನಿಂದ ಕರೆಯುತ್ತೇವೆ, ಆದರೆ ರಾಜ್ಯದಲ್ಲಿ ನಾಲ್ಕು ಸಾರಿಗೆ ಸಂಸ್ಥೆಗಳಿವೆ. ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಗೆ ಸೇರುತ್ತವೆ. ವಿಜಯಪುರ ಜಿಲ್ಲೆ ಕಲಬುರಗಿಯಲ್ಲಿ ಕೇಂದ್ರ ಕಚೇರಿ ಇರುವ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಗೆ ಸೇರುತ್ತದೆ. ಬೆಳಗಾವಿ ಜಿಲ್ಲೆಯೊಳಗೇ ಬೆಳಗಾವಿ ಮತ್ತು ಚಿಕ್ಕೋಡಿ ಎಂಬ ಎರಡು ವಿಭಾಗಗಳಿವೆ. ರಾಜ್ಯಮಟ್ಟದ ವೇತನದ ಪ್ರಶ್ನೆಗೆ ಕರೆದ ಮುಷ್ಕರ ನಾಲ್ಕೂ ಸಂಸ್ಥೆಗಳಿಗೆ ತಟ್ಟುತ್ತದೆ. ಒಂದು ಬಸ್ ಘಟಕದ (ಡಿಪೊ) ಅಥವಾ ಒಂದು ವಿಭಾಗದ ಸ್ಥಳೀಯ ಕಾರಣಕ್ಕೆ ಬಸ್ಸು ನಿಂತರೆ ಪಕ್ಕದ ವಿಭಾಗದ ಬಸ್ಸುಗಳು ಓಡುತ್ತಲೇ ಇರುತ್ತವೆ. ಜಮಖಂಡಿಯಿಂದ ವಿಜಯಪುರಕ್ಕೆ ದಿನವೂ ಹೋಗುವವರಿಗೆ ಇದು ಬಹಳ ಉಪಯೋಗದ ಮಾಹಿತಿ, ಏಕೆಂದರೆ ಆ ದಾರಿಯಲ್ಲಿ ಎರಡೂ ಸಂಸ್ಥೆಗಳ ಬಸ್ಸುಗಳು ಓಡುತ್ತವೆ.

ಗಡಿಯವರಿಗೆ ಇನ್ನೊಂದು ಲೆಕ್ಕ ಇದೆ. ಮಹಾರಾಷ್ಟ್ರದ ಎಸ್‌ಟಿ (ರಾಜ್ಯ ಸಾರಿಗೆ) ಬಸ್ ನೌಕರರ ಮುಷ್ಕರ 2021ರ ಕೊನೆಯಲ್ಲಿ ಆರಂಭವಾಗಿ 2022ರ ಏಪ್ರಿಲ್‌ವರೆಗೆ ಎಳೆಯಿತು. 2025ರ ಫೆಬ್ರವರಿಯಲ್ಲಿ ಬೆಳಗಾವಿ ಸಮೀಪ ನಿರ್ವಾಹಕರೊಬ್ಬರ ಮೇಲೆ ನಡೆದ ಹಲ್ಲೆಯ ನಂತರ ಎರಡೂ ರಾಜ್ಯಗಳ ನಡುವಿನ ಬಸ್ ಸಂಚಾರ ಕೆಲವು ದಿನ ನಿಂತಿತು. ಅಲ್ಲಿ ಯಾವ ಮುಷ್ಕರವೂ ಇರಲಿಲ್ಲ, ಆದರೂ ಕೊಲ್ಹಾಪುರಕ್ಕೆ ಹೊರಟವರಿಗೆ ಆದ ತೊಂದರೆ ಮುಷ್ಕರದ್ದೇ. ನಿಪ್ಪಾಣಿ, ಸಂಕೇಶ್ವರ, ಅಥಣಿ ಕಡೆಯವರು ಎರಡೂ ಬದಿಯ ಸುದ್ದಿ ನೋಡಬೇಕಾಗುತ್ತದೆ.

2. ಸುದ್ದಿಯನ್ನು ಸರಿಯಾಗಿ ಓದಲು ಕಲಿಯಿರಿ

ಸಾರಿಗೆಯಂಥ ಸಾರ್ವಜನಿಕ ಸೇವೆಯಲ್ಲಿ ಮುಷ್ಕರ ಹೂಡಲು ಕನಿಷ್ಠ 14 ದಿನ ಮೊದಲು ನೋಟಿಸ್ ಕೊಡಬೇಕೆಂಬುದು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಕಾಲದಿಂದ ಇರುವ ನಿಯಮ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ 14 ದಿನಗಳ ನೋಟಿಸನ್ನು ಕಡ್ಡಾಯಗೊಳಿಸಿದೆ. ಆದ್ದರಿಂದ "ಸಾರಿಗೆ ನೌಕರರಿಂದ ಮುಷ್ಕರದ ನೋಟಿಸ್" ಎಂಬ ಸುದ್ದಿ ಕಂಡ ದಿನವೇ ಗೋಡೆಯ ಪಂಚಾಂಗದಲ್ಲಿ ಮುಷ್ಕರದ ದಿನಾಂಕಕ್ಕೆ ಗುರುತು ಹಾಕಿ. ಆಮೇಲೆ ಕಾರ್ಮಿಕ ಇಲಾಖೆಯ ಸಂಧಾನ ಸಭೆ ನಡೆಯುತ್ತದೆ, ಮುಖ್ಯಮಂತ್ರಿ ಅಥವಾ ಸಾರಿಗೆ ಸಚಿವರೊಂದಿಗೆ ಮಾತುಕತೆ ನಡೆಯುತ್ತದೆ, ಅಗತ್ಯ ಸೇವೆಗಳಲ್ಲಿ ಮುಷ್ಕರ ತಡೆಯುವ ಎಸ್ಮಾ ಕಾಯ್ದೆಯ ಜಾರಿಯ ಮಾತು ಬರುತ್ತದೆ, ಕೆಲವೊಮ್ಮೆ ಯಾರಾದರೂ ಹೈಕೋರ್ಟ್‌ಗೆ ಹೋಗುತ್ತಾರೆ. ಇವುಗಳಲ್ಲಿ ನೀವು ಗಮನಿಸಬೇಕಾದದ್ದು ಮುಖ್ಯವಾಗಿ ಕೊನೆಯ ಮಾತುಕತೆಯ ಫಲಿತಾಂಶ. ಅದು ಮುಷ್ಕರದ ಹಿಂದಿನ ದಿನ ಸಂಜೆಗೆ ಗೊತ್ತಾಗುವುದೇ ಹೆಚ್ಚು.

ನ್ಯಾಯಾಲಯದ ಆದೇಶ ಬಂದಿತೆಂದು ನಿಶ್ಚಿಂತರಾಗಬೇಡಿ. 2025ರ ಆಗಸ್ಟ್ 4ರಂದು ಹೈಕೋರ್ಟ್ ಮುಷ್ಕರವನ್ನು ಒಂದು ದಿನ ತಡೆಹಿಡಿಯಲು ಸೂಚಿಸಿತ್ತು, ಆದರೂ ಆಗಸ್ಟ್ 5ರ ಬೆಳಗ್ಗೆ ಬಸ್ಸುಗಳು ಘಟಕದಿಂದ ಹೊರಬರಲಿಲ್ಲ. ಆ ದಿನ ನ್ಯಾಯಾಲಯ ಮತ್ತೆ ಕಠಿಣ ನಿಲುವು ತಳೆದ ಮೇಲೆ ಮುಷ್ಕರವನ್ನು ಅಮಾನತಿನಲ್ಲಿ ಇಡಲಾಯಿತು. ಆದೇಶವನ್ನು ನಂಬಿ ಬೆಳಗಿನ ಬಸ್ಸಿಗೆ ಹೊರಟವರು ನಿಲ್ದಾಣದಲ್ಲೇ ಉಳಿದರು. ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಇದೆ. 2024ರ ಡಿಸೆಂಬರ್ 31ಕ್ಕೆ ಕರೆದಿದ್ದ ಮುಷ್ಕರವನ್ನು ಸಂಕ್ರಾಂತಿಯ ನಂತರಕ್ಕೆ ಮುಂದೂಡಲಾಯಿತು, ಆ ದಿನ ಬಸ್ಸು ಓಡಿದವು. ನೋಟಿಸ್ ಬಂದ ಕೂಡಲೇ ಸಿದ್ಧತೆ ಆರಂಭಿಸಬೇಕು, ಆದರೆ ದುಡ್ಡು ಕಳೆದುಕೊಳ್ಳುವಂಥ ರದ್ದತಿಯನ್ನು ಕೊನೆಯ ಸಂಜೆಯವರೆಗೆ ತಡೆಯಬೇಕು.

ವಾಟ್ಸ್‌ಆ್ಯಪ್‌ನಲ್ಲಿ ಬರುವ "ನಾಳೆ ಬಸ್ ಬಂದ್" ಎಂಬ ಸಂದೇಶಗಳಲ್ಲಿ ಹಳೆಯ ವರ್ಷದ್ದೂ ಸೇರಿರುತ್ತವೆ. ದಿನಾಂಕವಿಲ್ಲದ ಸಂದೇಶವನ್ನು ಮುಂದೆ ಕಳಿಸಬೇಡಿ. ಬಸ್ ನಿಲ್ದಾಣದ ಸಂಚಾರ ನಿಯಂತ್ರಕರನ್ನು ಅಥವಾ ನಿಮ್ಮೂರಿಗೆ ಬರುವ ನಿರ್ವಾಹಕರನ್ನೇ ಕೇಳುವುದು ಇದಕ್ಕಿಂತ ಎಷ್ಟೋ ಮೇಲು. ಇಲ್ಲಿ ಒಂದು ಮಾತು ಹೇಳಲೇಬೇಕು: ಕೇಳುವಾಗ ಜಗಳದ ದನಿ ಬೇಡ. 2025ರ ಮುಷ್ಕರದ ಬೇಡಿಕೆಗಳಲ್ಲಿ 38 ತಿಂಗಳ ವೇತನ ಹಿಂಬಾಕಿಯೂ ಒಂದಾಗಿತ್ತು. ಗುಡಿಯ ಪಡಸಾಲೆಯಲ್ಲಿ ಮಲಗಿ ನಸುಕಿಗೆ ನಮ್ಮನ್ನು ಊರು ಮುಟ್ಟಿಸುವ ಮನುಷ್ಯನ ಮನೆಯಲ್ಲೂ ಸಾಲದ ಕಂತು ಇರುತ್ತದೆ.

3. ಎಷ್ಟು ದಿನಕ್ಕೆ ಸಿದ್ಧರಾಗಬೇಕು

ಹಿಂದಿನ ಮುಷ್ಕರಗಳ ಅವಧಿಯನ್ನು ನೋಡಿದರೆ ಅಂದಾಜು ಸಿಗುತ್ತದೆ. 2016ರ ಜುಲೈ 25ರಂದು ಆರಂಭವಾದದ್ದು ಮೂರು ದಿನ ನಡೆಯಿತು. ಸರ್ಕಾರಿ ನೌಕರರೆಂದು ಪರಿಗಣಿಸಬೇಕೆಂಬ ಬೇಡಿಕೆಯ 2020ರ ಡಿಸೆಂಬರ್‌ ಮುಷ್ಕರ ನಾಲ್ಕು ದಿನ, ಆರನೇ ವೇತನ ಆಯೋಗದ ಬೇಡಿಕೆಯ 2021ರ ಏಪ್ರಿಲ್‌ ಮುಷ್ಕರ 15 ದಿನ, 2025ರ ಆಗಸ್ಟ್‌ನದು ಒಂದು ದಿನ. ಹೀಗಾಗಿ ನಾಲ್ಕು ದಿನಗಳಿಗೆ ಪೂರ್ತಿ ಸಿದ್ಧರಾಗಿ, ಔಷಧಿ ಮತ್ತು ಪರೀಕ್ಷೆಗಳ ವಿಷಯದಲ್ಲಿ ಮಾತ್ರ ಎರಡು ವಾರಕ್ಕೆ ಸಿದ್ಧರಾಗುವುದು ಸರಿಯೆಂದು ನನ್ನ ತೀರ್ಮಾನ.

4. ಪ್ರಯಾಣಗಳನ್ನು ಬರೆದು ಬೇರ್ಪಡಿಸಿ

ಮನೆಯವರೆಲ್ಲ ಕುಳಿತು, ಮುಷ್ಕರದ ದಿನಾಂಕದಿಂದ ಎರಡು ವಾರಗಳಲ್ಲಿ ಯಾರು ಎಲ್ಲಿಗೆ ಹೋಗಬೇಕಾಗಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಸಂತೆ, ಮದುವೆ, ಬ್ಯಾಂಕು, ತಹಶೀಲ್ದಾರ್ ಕಚೇರಿ, ಕಾಲೇಜು, ಆಸ್ಪತ್ರೆ ಎಲ್ಲವೂ ಅದರಲ್ಲಿ ಬರಲಿ. ಬಳಿಕ ಪ್ರತಿಯೊಂದರ ಮುಂದೆ ಈ ಕೆಲಸವನ್ನು ಹಿಂದಕ್ಕೆ ತರಬಹುದೇ, ಮುಂದಕ್ಕೆ ಹಾಕಬಹುದೇ, ಅಥವಾ ಆ ದಿನವೇ ಆಗಬೇಕೇ ಎಂದು ಬರೆಯಿರಿ. ಹೆಚ್ಚಿನ ಮನೆಗಳಲ್ಲಿ ಮೂರನೆಯ ಗುಂಪಿನಲ್ಲಿ ಎರಡೋ ಮೂರೋ ಪ್ರಯಾಣಗಳಷ್ಟೇ ಉಳಿಯುತ್ತವೆ, ಮತ್ತು ಕೈಯಲ್ಲಿರುವ ಹಣ, ನೆಂಟರ ಬೈಕು, ರೈಲಿನ ಟಿಕೆಟ್ಟು ಇವೆಲ್ಲವೂ ಅವಕ್ಕೇ ಮೀಸಲಾಗಬೇಕು.

ಆಸ್ಪತ್ರೆಯ ಪ್ರಯಾಣಗಳನ್ನು ಇನ್ನಷ್ಟು ಎಚ್ಚರದಿಂದ ನೋಡಿ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಹೋಗುವವರಿಗೆ ಒಂದು ಸರದಿ ತಪ್ಪಿದರೂ ಜೀವಕ್ಕೆ ಅಪಾಯ. ತಾಲ್ಲೂಕು ಆಸ್ಪತ್ರೆಗಳಲ್ಲೂ ಡಯಾಲಿಸಿಸ್ ಘಟಕಗಳಿವೆ. ಜಿಲ್ಲಾ ಕೇಂದ್ರಕ್ಕೆ ಹೋಗುವವರು ಆ ಕೆಲವು ದಿನಗಳ ಮಟ್ಟಿಗೆ ಹತ್ತಿರದ ಘಟಕದಲ್ಲಿ ಸರದಿ ಸಿಗುವುದೇ ಎಂದು ವೈದ್ಯರ ಮೂಲಕ ವಾರ ಮೊದಲೇ ವಿಚಾರಿಸಬೇಕು, ಸಿಗದಿದ್ದರೆ ಆಸ್ಪತ್ರೆ ಇರುವ ಊರಿನ ನೆಂಟರ ಮನೆಯಲ್ಲಿ ಉಳಿಯಬೇಕು. ತಾಯಿ ಕಾರ್ಡ್‌ನಲ್ಲಿ ಬರೆದ ಹೆರಿಗೆಯ ದಿನ ಮುಷ್ಕರದ ಆಸುಪಾಸಿನಲ್ಲಿದ್ದರೆ ಗರ್ಭಿಣಿಯನ್ನು ಮೊದಲೇ ಪಟ್ಟಣದ ಬಂಧುಗಳ ಮನೆಗೆ ಕಳಿಸುವುದು ಒಳ್ಳೆಯದು. 108 ಆಂಬುಲೆನ್ಸ್ ಮುಷ್ಕರದಲ್ಲೂ ಓಡುತ್ತದೆ, ಆದರೆ ಅದು ತುರ್ತು ಸ್ಥಿತಿಗೆ ಇರುವ ಸೇವೆ. ಗೊತ್ತುಮಾಡಿದ ತಪಾಸಣೆಗೆ ಅದನ್ನು ಕರೆದರೆ ಇನ್ನೊಬ್ಬರ ಪ್ರಾಣದ ಗಳಿಗೆಯನ್ನು ನಾವು ಕಸಿದುಕೊಂಡಂತೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂರ್ಛೆ ರೋಗದ ಮಾತ್ರೆಗಳನ್ನು ಎರಡು ವಾರಕ್ಕೆ ಆಗುವಷ್ಟು ಮೊದಲೇ ತಂದಿಡಿ.

5. ರೈಲು ನಿಮಗೆ ಎಲ್ಲಿಯವರೆಗೆ ಆಗಿ ಬರುತ್ತದೆ

ರೈಲ್ವೆ ಕೇಂದ್ರ ಸರ್ಕಾರದ್ದು, ರಾಜ್ಯ ಸಾರಿಗೆ ನೌಕರರ ಮುಷ್ಕರ ಅದಕ್ಕೆ ತಟ್ಟುವುದಿಲ್ಲ. 2021ರ ಏಪ್ರಿಲ್‌ನಲ್ಲಿ ನೈಋತ್ಯ ರೈಲ್ವೆ ವಿಶೇಷ ಗಾಡಿಗಳನ್ನೂ ಬಿಟ್ಟಿತ್ತು. ಆದರೆ ನಮ್ಮ ಸೀಮೆಯಲ್ಲಿ ಹಳಿ ಎಲ್ಲಿ ಇದೆ, ಎಲ್ಲಿ ಇಲ್ಲ ಎಂಬುದನ್ನು ತಿಳಿಯದೆ ರೈಲನ್ನು ನಂಬಿದರೆ ನಡುದಾರಿಯಲ್ಲಿ ಸಿಕ್ಕಿಬೀಳುತ್ತೀರಿ.

ಇಲ್ಲಿ ಎರಡು ಮುಖ್ಯ ಮಾರ್ಗಗಳಿವೆ. ಒಂದು ಹುಬ್ಬಳ್ಳಿ, ಧಾರವಾಡ, ಲೋಂಡಾ, ಖಾನಾಪುರದ ಮೇಲೆ ಬೆಳಗಾವಿಗೆ ಬಂದು, ಅಲ್ಲಿಂದ ಗೋಕಾಕ ರೋಡ್, ಘಟಪ್ರಭಾ, ಚಿಕ್ಕೋಡಿ ರೋಡ್, ರಾಯಬಾಗ, ಕುಡಚಿ, ಉಗಾರ ಖುರ್ದ, ಶೇಡಬಾಳ ದಾಟಿ ಮೀರಜ್ ಸೇರುತ್ತದೆ. ಇನ್ನೊಂದು ಹುಬ್ಬಳ್ಳಿಯಿಂದ ಗದಗ, ಬಾದಾಮಿ, ಬಾಗಲಕೋಟೆ, ಆಲಮಟ್ಟಿ, ಬಸವನ ಬಾಗೇವಾಡಿ ರೋಡ್, ವಿಜಯಪುರ, ಇಂಡಿ ರೋಡ್ ಮೇಲೆ ಸೊಲ್ಲಾಪುರಕ್ಕೆ ಹೋಗುತ್ತದೆ. ಈ ಎರಡನ್ನೂ ಕೂಡಿಸುವ ಬಾಗಲಕೋಟೆ–ಕುಡಚಿ ಮಾರ್ಗ 2010ರ ಸುಮಾರಿಗೆ ಮಂಜೂರಾದರೂ ಪೂರ್ಣಗೊಳ್ಳದೆ ವರ್ಷಗಟ್ಟಲೆ ನಿಂತದ್ದು ಈ ಭಾಗದವರೆಲ್ಲರಿಗೂ ಗೊತ್ತಿರುವ ನೋವು. ಅದರಿಂದಾಗಿ ಬಸ್ಸಿನಲ್ಲಿ ನಾಲ್ಕು ತಾಸಿನ ಹಾದಿಯಾದ ಬೆಳಗಾವಿ–ಬಾಗಲಕೋಟೆಗೆ ರೈಲಿನಲ್ಲಿ ಹೋಗಬೇಕೆಂದರೆ ಹುಬ್ಬಳ್ಳಿ, ಗದಗಗಳನ್ನು ಸುತ್ತಬೇಕು, ಇಡೀ ದಿನ ಕೈಯಲ್ಲಿಟ್ಟುಕೊಂಡೇ ಹೊರಡಬೇಕು.

ಸವದತ್ತಿ, ಬೈಲಹೊಂಗಲ, ರಾಮದುರ್ಗ, ಅಥಣಿ, ಮುಧೋಳ, ಜಮಖಂಡಿ, ಹುನಗುಂದ, ಇಳಕಲ್ಲು, ಸಿಂದಗಿ, ಮುದ್ದೇಬಿಹಾಳದಂಥ ಊರುಗಳವರಿಗೆ ರೈಲು ಅರ್ಧದಾರಿಯ ನೆರವು ಮಾತ್ರ. ಅಥಣಿಯವರು ಉಗಾರ ಅಥವಾ ಶೇಡಬಾಳದವರೆಗೆ, ಮುದ್ದೇಬಿಹಾಳದವರು ಆಲಮಟ್ಟಿಯವರೆಗೆ, ಇಳಕಲ್ಲಿನವರು ಬಾಗಲಕೋಟೆಯವರೆಗೆ ಹೇಗೆ ಹೋಗುವುದೆಂಬುದನ್ನು ಮೊದಲು ಗೊತ್ತುಮಾಡಿಕೊಂಡು ಆಮೇಲೆ ರೈಲಿನ ಟಿಕೆಟ್ ತೆಗೆಸಬೇಕು. ಬೆಂಗಳೂರಿಗೆ ಹೋಗುವವರು ನೋಟಿಸ್ ಬಂದ ದಿನವೇ ಕಾಯ್ದಿರಿಸಬೇಕು, ಏಕೆಂದರೆ ಮುಷ್ಕರದ ಸುದ್ದಿ ಗಟ್ಟಿಯಾದಂತೆ ರಾಣಿ ಚನ್ನಮ್ಮ, ಗೋಲಗುಂಬಜ್ ಎಕ್ಸ್‌ಪ್ರೆಸ್‌ಗಳ ಬರ್ತ್‌ಗಳು ಬೇಗ ತುಂಬುತ್ತವೆ. ಉಳಿದ ದಾರಿ ತತ್ಕಾಲ್. ಅದು ಪ್ರಯಾಣದ ಹಿಂದಿನ ದಿನ ಎಸಿ ದರ್ಜೆಗೆ ಬೆಳಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ತೆರೆಯುತ್ತದೆ. ಗಾಡಿಯ ಸಮಯವನ್ನು 139ಕ್ಕೆ ಕರೆ ಮಾಡಿ ಖಚಿತಪಡಿಸಿಕೊಳ್ಳಬಹುದು.

6. ಖಾಸಗಿ ವಾಹನ ಹತ್ತುವ ಮೊದಲು

ಮುಷ್ಕರದ ದಿನಗಳಲ್ಲಿ ಸರ್ಕಾರ ಖಾಸಗಿ ಬಸ್ಸು, ಮ್ಯಾಕ್ಸಿಕ್ಯಾಬ್‌ಗಳಿಗೆ ಸರ್ಕಾರಿ ನಿಲ್ದಾಣದಿಂದಲೇ ಜನರನ್ನು ಹತ್ತಿಸಿಕೊಳ್ಳಲು ಅವಕಾಶ ಕೊಡುವುದು ರೂಢಿ. ಹೆದ್ದಾರಿಯ ಬೆಳಗಾವಿ–ಹುಬ್ಬಳ್ಳಿಯಂಥ ದಾರಿಗಳಿಗೆ ಇವು ಬೇಗ ಬರುತ್ತವೆ, ಹಳ್ಳಿಯ ಒಳದಾರಿಗಳಿಗೆ ಬಹಳ ತಡವಾಗಿ ಬರುತ್ತವೆ ಅಥವಾ ಬರುವುದೇ ಇಲ್ಲ. ಆಗ ಉಳಿಯುವುದು ಕ್ರೂಸರ್ ಜೀಪು ಮತ್ತು ಟಂಟಂ ಆಟೊ. ಹತ್ತುವ ಮೊದಲೇ ದರ ಕೇಳಿ, ಉಳಿದ ಪ್ರಯಾಣಿಕರ ಎದುರಿನಲ್ಲೇ ಒಪ್ಪಿಕೊಳ್ಳಿ. ಸರ್ಕಾರಿ ಬಸ್ಸಿನ ದರ ನಿಮಗೆ ಗೊತ್ತಿದ್ದರೆ ಚೌಕಾಸಿ ಮಾಡಲು ಬಲ ಬರುತ್ತದೆ. ಬಿಟ್ಟಿ ಶೂನ್ಯ ಟಿಕೆಟ್‌ನಲ್ಲೇ ಓಡಾಡುವ ಹೆಣ್ಣುಮಕ್ಕಳಲ್ಲಿ ಅನೇಕರಿಗೆ ತಮ್ಮ ಊರಿನ ದರವೇ ಮರೆತುಹೋಗಿದೆ. 2025ರ ಜನವರಿ 5ರಿಂದ ದರ ಶೇ 15ರಷ್ಟು ಏರಿತು ಕೂಡ. ಮನೆಯ ಗಂಡಸರ ಇತ್ತೀಚಿನ ಟಿಕೆಟ್ ನೋಡಿ ಬರೆದಿಟ್ಟುಕೊಳ್ಳಿ. ಮಿತಿಮೀರಿ ಕೇಳಿದರೆ ವಾಹನದ ಸಂಖ್ಯೆ ಬರೆದುಕೊಂಡು ಪ್ರಾದೇಶಿಕ ಸಾರಿಗೆ ಕಚೇರಿಗೆ ದೂರು ಕೊಡಬಹುದು.

ಸರಕಿನ ಗಾಡಿ, ಟ್ರ್ಯಾಕ್ಟರ್ ಟ್ರೇಲರ್‌ಗಳಲ್ಲಿ ಮಾತ್ರ ಕೂರಬೇಡಿ. ಅಂಥ ವಾಹನದಲ್ಲಿ ಸುಮ್ಮನೆ ಪ್ರಯಾಣಿಸಿದವರಿಗೆ ಅಪಘಾತವಾದಾಗ ವಿಮೆಯ ಪರಿಹಾರ ಸಿಗುವುದು ಬಹಳ ಕಷ್ಟ. ಹಳದಿ ಬೋರ್ಡ್ ಇರುವ ವಾಹನ ಹುಡುಕಿ, ಕ್ರೂಸರ್‌ನ ಮೇಲೆ ಅಥವಾ ಹಿಂದಿನ ಏಣಿಯ ಮೇಲೆ ನಿಂತು ಹೋಗುವುದಕ್ಕಿಂತ ಇನ್ನೊಂದು ತಾಸು ಕಾಯಿರಿ. ಸಂಜೆಯ ಮರುಪ್ರಯಾಣವನ್ನೂ ಬೆಳಗ್ಗೆಯೇ ಗೊತ್ತುಮಾಡಿಕೊಳ್ಳಬೇಕು, ಏಕೆಂದರೆ ಬೆಳಗ್ಗೆ ಪಟ್ಟಣಕ್ಕೆ ಜನ ಸಿಗುತ್ತಾರೆಂದು ಬಂದ ಗಾಡಿ ಕತ್ತಲಾದ ಮೇಲೆ ಹಳ್ಳಿಗೆ ಬರಲು ಒಪ್ಪುವುದಿಲ್ಲ. ನಾಲ್ಕೈದು ಮನೆಯವರು ಕೂಡಿ ಒಂದು ಕ್ರೂಸರನ್ನು ಹೋಗಿ ಬರುವ ಬಾಡಿಗೆಗೆ ಮಾತಾಡುವುದು ಒಬ್ಬೊಬ್ಬರೇ ಅಲೆಯುವುದಕ್ಕಿಂತ ಅಗ್ಗ.

7. ಬುತ್ತಿಯ ಡಬ್ಬಿ

ಬಸ್ಸು ನಿಂತರೆ ನಿಲ್ಲುವುದು ಪ್ರಯಾಣವಷ್ಟೇ ಅಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿಯಲ್ಲಿ ಕೋಣೆ ಮಾಡಿಕೊಂಡು ಓದುವ ಹಳ್ಳಿಯ ಮಕ್ಕಳ ಊಟ ಇಂದಿಗೂ ಬೆಳಗಿನ ಬಸ್ಸಿನಲ್ಲಿ ಹೋಗುತ್ತದೆ. ಅವ್ವ ನಸುಕಿನಲ್ಲಿ ಎದ್ದು ಬಡಿದ ರೊಟ್ಟಿ, ಮೇಲಿನ ಡಬ್ಬಿಯಲ್ಲಿ ಕಾಳಿನ ಪಲ್ಯ, ಎಲ್ಲವನ್ನೂ ಬಟ್ಟೆಯಲ್ಲಿ ಗಂಟು ಕಟ್ಟಿ, ಡಬ್ಬಿಯ ಮೇಲೆ ಬಣ್ಣದಲ್ಲಿ ಹುಡುಗನ ಹೆಸರು ಬರೆದು, ಚಾಲಕರ ಪಕ್ಕದಲ್ಲಿ ಇಡುತ್ತಾರೆ. ನಿಲ್ದಾಣದಲ್ಲಿ ಹುಡುಗ ಬಂದು ತನ್ನ ಹೆಸರು ಹುಡುಕಿ ಒಯ್ಯುತ್ತಾನೆ, ನಿನ್ನೆಯ ಖಾಲಿ ಡಬ್ಬಿಯನ್ನು ಅದೇ ಬಸ್ಸಿಗೆ ಹಾಕುತ್ತಾನೆ. ಮುಷ್ಕರದ ಚರ್ಚೆಯಲ್ಲಿ ಈ ಮಕ್ಕಳ ಹಸಿವನ್ನು ಯಾರೂ ಎತ್ತುವುದಿಲ್ಲ.

ಅಂಥ ಮಕ್ಕಳಿರುವ ಮನೆಯವರು ಮುಷ್ಕರದ ದಿನಾಂಕಕ್ಕೆ ಎರಡು ದಿನ ಮೊದಲು ಒಂದು ವಾರಕ್ಕಾಗುವಷ್ಟು ಕಟಕ ರೊಟ್ಟಿ ಕಳಿಸಬೇಕು. ಚೆನ್ನಾಗಿ ಒಣಗಿಸಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಸಜ್ಜೆಯ ಅಥವಾ ಜೋಳದ ಕಟಕ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಇರಲಿ. ಪಲ್ಯ ಕಳಿಸಬೇಡಿ, ಅದು ಮರುದಿನಕ್ಕೇ ಹಳಸುತ್ತದೆ. ಮೊಸರು, ತರಕಾರಿಗೆ ಹುಡುಗನ ಕೈಯಲ್ಲಿ ಸ್ವಲ್ಪ ಹಣ ಇರಬೇಕು. ಪರೀಕ್ಷೆ ಇದ್ದರೆ ಹುಡುಗ ಊರಿಗೆ ಬರದೆ ಕೋಣೆಯಲ್ಲೇ ಉಳಿಯಲಿ. ದಿನವೂ ಓಡಾಡುವ ವಿದ್ಯಾರ್ಥಿ ಪರೀಕ್ಷೆಯ ಹಿಂದಿನ ದಿನವೇ ಗೆಳೆಯರ ಕೋಣೆ ಸೇರಲಿ. ಪರೀಕ್ಷೆ ಮುಂದೂಡಿದೆ ಎಂಬ ಮಾತನ್ನು ವಿಶ್ವವಿದ್ಯಾಲಯದ ಸುತ್ತೋಲೆ ಕಣ್ಣಾರೆ ನೋಡುವವರೆಗೂ ನಂಬಬಾರದು.

8. ಹಣ ಮತ್ತು ಪಾಸು

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ ಅನ್ವಯಿಸುತ್ತದೆ. ವಿದ್ಯಾರ್ಥಿ ಪಾಸು, ಹಿರಿಯ ನಾಗರಿಕರ ರಿಯಾಯಿತಿ ಕೂಡ ಖಾಸಗಿ ವಾಹನದಲ್ಲಿ ನಡೆಯುವುದಿಲ್ಲ. ದಿನವೂ ಪಟ್ಟಣಕ್ಕೆ ಕೆಲಸಕ್ಕೆ ಹೋಗುವ ಹೆಣ್ಣುಮಗಳು ಮುಷ್ಕರದ ದಿನಗಳಲ್ಲಿ ಗಳಿಸಿದ ಕೂಲಿಯ ದೊಡ್ಡ ಪಾಲನ್ನು ಟಂಟಂಗೇ ಕೊಡಬೇಕಾದೀತು. ಹೀಗಾಗಿ ಸಾಧ್ಯವಿದ್ದರೆ ಮಾಲೀಕರೊಂದಿಗೆ ಮೊದಲೇ ಮಾತಾಡಿ ಆ ದಿನಗಳ ಕೆಲಸವನ್ನು ಹಿಂದೆ ಮುಂದೆ ಮಾಡಿಕೊಳ್ಳುವುದು ಲೇಸು. ಹತ್ತು, ಇಪ್ಪತ್ತರ ಚಿಲ್ಲರೆ ಕೈಯಲ್ಲಿರಲಿ, ದೊಡ್ಡ ನೋಟು ಕೊಟ್ಟರೆ ಉಳಿದದ್ದು ತಿರುಗಿ ಬರುವುದು ಅನುಮಾನ.

ಮುಂಗಡ ಕಾಯ್ದಿರಿಸಿದ ಸರ್ಕಾರಿ ಬಸ್ಸಿನ ಟಿಕೆಟ್ಟನ್ನು ನೀವಾಗಿಯೇ ರದ್ದು ಮಾಡಿದರೆ ಕಡಿತವಾಗುತ್ತದೆ. ಸಂಸ್ಥೆಯೇ ಬಸ್ಸನ್ನು ರದ್ದುಪಡಿಸಿದರೆ ಹಣ ಮರಳುತ್ತದೆ, ಆದ್ದರಿಂದ ಆತುರ ಬೇಡ.

9. ಹಿಂದಿನ ದಿನ ಮತ್ತು ಆ ದಿನ

ಹಿಂದಿನ ದಿನ ಮಧ್ಯಾಹ್ನದೊಳಗೆ ನೀವು ಮುಷ್ಕರದ ದಿನ ಇರಬೇಕಾದ ಊರಿನಲ್ಲಿ ಇರಬೇಕು. ಈ ಇಡೀ ಬರಹದಲ್ಲಿ ಒಂದೇ ಸಾಲನ್ನು ನೆನಪಿಡುವುದಾದರೆ ಇದನ್ನೇ ನೆನಪಿಡಿ. ಸಂಜೆಯ ಕೊನೆಯ ಬಸ್ಸನ್ನು ನಂಬಬೇಡಿ, ಏಕೆಂದರೆ ಮರುದಿನ ಮುಷ್ಕರವೆಂದರೆ ಬಸ್ಸು ಊರಲ್ಲಿ ಸಿಕ್ಕಿಕೊಳ್ಳಬಾರದೆಂದು ವಸ್ತಿ ಬಸ್ಸುಗಳನ್ನು ಘಟಕದಲ್ಲೇ ಉಳಿಸಿಕೊಳ್ಳಬಹುದು. ರಾತ್ರಿ ವಸ್ತಿ ಬಸ್ಸು ಬರದಿದ್ದರೆ ಅದನ್ನೇ ಖಚಿತ ಸುದ್ದಿಯೆಂದು ತಿಳಿದು ಆ ರಾತ್ರಿಯೇ ಕ್ರೂಸರ್‌ನವರಿಗೆ ಫೋನ್ ಮಾಡಿ.

ಬೆಳಗ್ಗೆ ಹೊರಡಲೇಬೇಕಾದವರು ಬೇಗ ಹೊರಡಿ. ನೀರು, ಒಂದು ಹೊತ್ತಿನ ಬುತ್ತಿ, ಚಾರ್ಜ್ ಇರುವ ಫೋನು, ಆಧಾರ್, ಆಸ್ಪತ್ರೆಯ ಚೀಟಿ ಜೊತೆಯಲ್ಲಿರಲಿ. ತರಬೇತಿ ಚಾಲಕರನ್ನೋ ಕೆಲಸಕ್ಕೆ ಬಂದವರನ್ನೋ ಬಳಸಿ ಪೊಲೀಸರ ಕಾವಲಿನಲ್ಲಿ ಕೆಲವು ಬಸ್ಸುಗಳನ್ನು ಬಿಡುವುದುಂಟು. ಅಂಥ ಬಸ್ಸು ಹತ್ತಿದರೆ ಕಿಟಕಿಯ ಪಕ್ಕದಲ್ಲಿ ಮಕ್ಕಳನ್ನು ಕೂರಿಸಬೇಡಿ, ಹಿಂದೆ ಕಲ್ಲು ತೂರಿದ ಘಟನೆಗಳು ನಡೆದಿವೆ. ಘಟಕದ ಬಾಗಿಲಲ್ಲಿ ಧರಣಿ ಕುಳಿತವರ ಬಳಿ ವಾದಕ್ಕೆ ನಿಲ್ಲುವುದರಿಂದ ಯಾವ ಬಸ್ಸೂ ಬರುವುದಿಲ್ಲ.

10. ಮುಷ್ಕರ ಮುಗಿದ ಮೇಲೆ

"ಮುಷ್ಕರ ಅಂತ್ಯ" ಎಂಬ ಸುದ್ದಿ ರಾತ್ರಿ ಬಂದರೂ ಮರುದಿನ ನಸುಕಿನ ಹಳ್ಳಿಯ ಬಸ್ಸು ಬರುವುದಿಲ್ಲ, ಏಕೆಂದರೆ ಅದು ಹಿಂದಿನ ರಾತ್ರಿ ಊರಿಗೇ ಬಂದಿರುವುದಿಲ್ಲ. ಮೊದಲು ಪಟ್ಟಣದಿಂದ ಪಟ್ಟಣಕ್ಕೆ ಹೋಗುವ ಬಸ್ಸುಗಳು ಹೊರಡುತ್ತವೆ, ಮಧ್ಯಾಹ್ನದ ಹೊತ್ತಿಗೆ ಹಳ್ಳಿಗಳ ಕಡೆಯವು, ರಾತ್ರಿಗೆ ವಸ್ತಿ ಬಸ್ಸು. ಆ ಮೊದಲ ದಿನ ನೂಕುನುಗ್ಗಲು ಬಹಳ ಇರುತ್ತದೆ, ವೃದ್ಧರನ್ನು ಮತ್ತು ರೋಗಿಗಳನ್ನು ಎರಡನೆಯ ದಿನ ಕರೆದೊಯ್ಯಿರಿ. ಹಾಳೆಯಲ್ಲಿ ಮುಂದಕ್ಕೆ ಹಾಕಿದ ಕೆಲಸಗಳಲ್ಲಿ ಆಸ್ಪತ್ರೆಯದಕ್ಕೆ ಅಂದೇ ಫೋನ್ ಮಾಡಿ ಹೊಸ ದಿನಾಂಕ ಪಡೆಯಿರಿ, ತಡಮಾಡಿದರೆ ಎಲ್ಲರೂ ಒಮ್ಮೆಲೇ ಕೇಳುವುದರಿಂದ ಸರದಿ ಇನ್ನೂ ಮುಂದೆ ಹೋಗುತ್ತದೆ. ಮುಷ್ಕರವನ್ನು ಅಮಾನತಿನಲ್ಲಿ ಇಡಲಾಗಿದೆ ಎಂದಷ್ಟೇ ಸುದ್ದಿ ಬಂದಿದ್ದರೆ, ಹೊಸ ದಿನಾಂಕ ಯಾವಾಗ ಬೇಕಾದರೂ ಬರಬಹುದು. ಆ ಹಾಳೆಯನ್ನು ಪಂಚಾಂಗದ ಮೊಳೆಗೇ ಸಿಕ್ಕಿಸಿಡಿ.